ಸ್ವೀಡಿಷ್ ಡೆಕ್ ಅಪ್ಡೇಟ್: ‘ಫ್ರಮ್’ ಹೆಚ್ಚುಕಮ್ಮಿ ಹಿಡಿತಕ್ಕೆ ಬಂತು

ಸ್ವೀಡಿಷ್ ಕಲಿಯೋಕೆ ಡೆಕ್ ಮಾಡ್ಕೊಂಡಿದೀನಿ, ಅಂದ್ರೆ ಮುಂದೆ ಪದ, ಹಿಂದೆ ಅರ್ಥ ಇರೋ ಫ್ಲ್ಯಾಶ್‌ಕಾರ್ಡುಗಳ ಕಟ್ಟು. ಒಂದು ಕಡೆಗೆ ಹೋಗೋದಕ್ಕೊಂದು, ಅಲ್ಲೇ ಇರೋದಕ್ಕೊಂದು ಅಂತ ಬರೋ ಜೋಡಿಪದಗಳಲ್ಲಿ ಹೆಮ್-ಹೆಮ್ಮ, ದೀತ್-ದ್ಯಾರ್ (ಅಲ್ಲಿಗೆ-ಅಲ್ಲಿ), ಊತ್-ಊತೆ (ಹೊರಕ್ಕೆ-ಹೊರಗೆ) ಎಲ್ಲ ಆರಾಮಾಗಿ ಮುಗಿದ್ವು. ‘ಎಲ್ಲಿಗೆ’ ಬೇರೆ, ‘ಎಲ್ಲಿ’ ಬೇರೆ ಅಂತ ಮಾತಾಡ್ಕೊಂಡೇ ಬೆಳೆದವ್ರಿಗೆ ಇದೇನ್ ಮಹಾ, ಮನೆಗೆ ಹೊರಟ್ರೆ ಹೆಮ್, ಮನೇಲಿದ್ರೆ ಹೆಮ್ಮ. ಇಂಗ್ಲಿಷಿನೋರು ಒದ್ದಾಡ್ಲಿ.

ಅದೇ ಗುಂಪಿನ ಫ್ರಮ್-ಫ್ರಮ್ಮೆ ಮಾತ್ರ ಜೀವ ತಿಂದ್ಬಿಡ್ತು. ಫ್ರಮ್ ಅಂದ್ರೆ ‘ಮುಂದೆ’ ಅಂತಾರೆ, ಸರಿ, ಕಾರ್ಡಿನ ಹಿಂದೆ ‘ಮುಂದೆ’ ಅಂತ ಬರೆದಿಟ್ಟೆ. ಆಮೇಲೆ ಸಿಕ್ಕ ವಾಕ್ಯಗಳು ನೋಡಿ: ‘ತಾ ಫ್ರಮ್ ಮ್ಯೋಲ್ಕೆನ್’ ಅಂದ್ರೆ ಹಾಲು ಹೊರಗೆ ತೆಗಿ. ಫೋನ್ ಕನೆಕ್ಟ್ ಆಗ್ತಿಲ್ಲ ಅನ್ನೋಕೆ ‘ಯಾ ಕೊಮ್ಮರ್ ಇಂತೆ ಫ್ರಮ್’. ‘ಫ್ರಮ್ ತಿಲ್’ ಅಂದ್ರೆ ತನಕ, ಅದಕ್ಕೇ ‘ಕೊಮ್ಮ’ ಸೇರಿದ್ರೆ ತೀರ್ಮಾನಕ್ಕೆ ಬರೋದು. ಕಾರಲ್ಲಿ ಮಕ್ಳು ‘ಏ ವಿ ಫ್ರಮ್ಮೆ ಸ್ನಾಟ್’ ಅಂದ್ರೆ ‘ಊರು ಬಂತಾ, ಇನ್ನೆಷ್ಟೊತ್ತು’ ಅಂತ. ಇದ್ರಲ್ಲಿ ‘ಮುಂದೆ’ ಎಲ್ಲಿದೆ ಸ್ವಾಮಿ!

ಸಾಲ್ದು ಅಂತ ದುಡ್ಡು ಕೊಟ್ಟು ತಗೊಂಡ ಆಡಿಯೋ ಪ್ಯಾಕ್ ಬೇರೆ. ಪಾರ್ಟಿಕಲ್ ವರ್ಬಲ್ಲಿ, ಅಂದ್ರೆ ‘ಕೊಮ್ಮರ್ ಫ್ರಮ್’ ಥರ ಕ್ರಿಯಾಪದದ ಜೊತೆ ಒಂದು ಪುಟ್ಟ ಪದ (ಪಾರ್ಟಿಕಲ್) ಅಂಟ್ಕೊಂಡಿರೋದ್ರಲ್ಲಿ, ಒತ್ತು ಪಾರ್ಟಿಕಲ್ ಮೇಲೇ ಬೀಳ್ಬೇಕಲ್ವಾ, ಕೊಮ್ಮರ್ ಮೆಲ್ಲಗೆ, ಫ್ರಮ್ ಗಟ್ಟಿಯಾಗಿ, ಇದ್ರಲ್ಲಿ ಪೂರ್ತಿ ಉಲ್ಟಾ. ‘ನೇಟಿವ್ ಸ್ಪೀಕರ್’ ಅಂತ ಹಾಕಿದ್ರು, ಯಾವ ಸರ್ವರಿನ ನೇಟಿವೋ ಪುಣ್ಯಾತ್ಮ. ಮೇಲ್ ಹಾಕಿದ್ರೆ ಆಪ್ ಅಪ್ಡೇಟ್ ಮಾಡಿ ಅಂತ ಉತ್ತರ ಬಂತು.

ಕೊನೆಗೆ ಅರ್ಥ ಅಳಿಸಿ ಚಿತ್ರ ಹಾಕ್ದೆ, ಒಂದು ಬಾಣ, ತುದೀಲಿ ಒಂದು ಚುಕ್ಕಿ. ಬಾಣ ಚುಕ್ಕಿಗೆ ಹೋಗಿ ಮುಟ್ಟೋದು ಫ್ರಮ್, ಚುಕ್ಕಿ ಮೇಲೆ ನಿಂತಿರೋದು ಫ್ರಮ್ಮೆ, ಚುಕ್ಕಿನೇ ಇಲ್ದೆ ಸುಮ್ನೆ ಆ ಕಡೆ ಹೋಗ್ತಿರೋದು ಫ್ರಮೋತ್. ಹಾಲಿಗೆ ಚುಕ್ಕಿ ಅಂದ್ರೆ ಕಣ್ಣೆದುರಿನ ಟೇಬಲ್ಲು, ಫೋನಿಗೆ ಆ ಕಡೆಯೋರ ಕಿವಿ, ‘ತನಕ’ಕ್ಕೆ ಕ್ಯಾಲೆಂಡರಿನ ತಾರೀಖು. ಎಲ್ಲಾ ಕೂತ್ಕೊಂಡ್ತು! ‘ರಾಕ್ತ್ ಫ್ರಮ್’ ಒಂದು ಬಿಟ್ಟು, ಅದು ಬರೀ ‘ನೇರ ಹೋಗಿ’ ಅಂತ, ಚುಕ್ಕಿ ಗಿಕ್ಕಿ ಏನಿಲ್ಲ. ಅದಕ್ಕೆ ಬೇರೆ ಕಾರ್ಡು, ಬಾಯಿಪಾಠನೇ ಗತಿ.

ಇನ್ನೊಂದು ತಮಾಷೆ, ಇಂಗ್ಲಿಷಿನ ‘ಫ್ರಮ್’ ಇದರ ಬಳಗದ್ದೇ, ಒಂದೇ ಜರ್ಮಾನಿಕ್ ಬೇರು. ಇಲ್ಲಿ ‘ತಲುಪೋ’ ಕಡೆ ನಿಂತ್ಕೊಂಡಿದೆ, ಅಲ್ಲಿ ‘ಇಂದ’ ಆಗಿ ಹೊರಟ ಕಡೆ. ಹಳೇ ಬಳಕೆ ಬೇಕಂದ್ರೆ ಸ್ವೀಡಿಷ್ ಅಕಾಡೆಮಿಯ ದೊಡ್ಡ ನಿಘಂಟು ನೋಡಿ, 1893ರಲ್ಲಿ ಮೊದಲ ಕಂತು ಬಂದು 2023ರಲ್ಲಿ ಮುಗಿದದ್ದು, ಆನ್‌ಲೈನಲ್ಲಿ ಫ್ರೀ. ರಾತ್ರಿ ಮಾತ್ರ ತೆಗೀಬೇಡಿ, ಬೆಳಗಾಗೋಗತ್ತೆ.

ಮುಂದಿನ ಡೆಕ್ಕು ಉಪ್ (ಮೇಲಕ್ಕೆ) ಮತ್ತು ನೇರ್ (ಕೆಳಕ್ಕೆ). ನಮ್ಮ ಕಡೆ ‘ಘಟ್ಟದ ಮೇಲೆ’ ಅಂದ್ರೆ ನಿಜವಾಗ್ಲೂ ಹತ್ತಬೇಕು, ಇವರು ಮ್ಯಾಪ್ ನೋಡ್ಕೊಂಡು ಉತ್ತರದ ಕಿರುನಾಗೆ ‘ಉಪ್’, ದಕ್ಷಿಣದ ಮಾಲ್ಮೋಗೆ ‘ನೇರ್’ ಹೋಗ್ತಾರೆ. ಇದಕ್ಕೆ ಸ್ವೀಡನ್ ಮ್ಯಾಪನ್ನೇ ಕಾರ್ಡ್ ಮಾಡೋ ಪ್ಲಾನ್ ಇದೆ, ಇಮೇಜ್ ಒಕ್ಲೂಷನ್‌ನಲ್ಲಿ (ಚಿತ್ರದ ಒಂದು ಭಾಗ ಮುಚ್ಚಿ ಅದೇನು ಅಂತ ಕೇಳೋ ಕಾರ್ಡು) ಬಾಣ ಮಾತ್ರ ಮುಚ್ಚೋದು ಹೇಗೆ ಅಂತ ಯಾರಿಗಾದ್ರೂ ಗೊತ್ತಿದ್ರೆ ಹೇಳಿ, ನಂಗೆ ಪ್ರತಿ ಸಲ ಉತ್ತರದ ಇಡೀ ನಾರ್‌ಲಾಂಡ್ ಪ್ರದೇಶವೇ ಮುಚ್ಚೋಗ್ತಿದೆ.