ಲೌಲಸ್ಮಾದ ಕಾಡು, ಅಲಿನಾಳ ಅಮ್ಮ

ಬಸ್ಸಿನಿಂದ ಇಳಿದವರು ನಾವಿಬ್ಬರೇ, ನಾನು ಮತ್ತು ಮಗಳು. ಬಸ್ ತಿರುವಿನಲ್ಲಿ ಮರೆಯಾದ ಮೇಲೆ ಸದ್ದೇ ಇಲ್ಲ. ರಸ್ತೆಯ ಎರಡೂ ಕಡೆ ಪೈನ್ ಮರಗಳು, ನಮ್ಮ ಅಡಿಕೆ ತೋಟದ ಹಾಗೆ ನೆಟ್ಟಗೆ. ಕಾಲಿನ ಕೆಳಗೆ ಮೆತ್ತನೆಯ ಪಾಚಿ, ಒಣಗಿದ ಸೂಜಿ ಎಲೆ. ಸಮುದ್ರ ಇನ್ನೂ ಕಂಡಿರಲಿಲ್ಲ, ಅದರ ತಣ್ಣನೆ ಗಾಳಿ ಮಾತ್ರ ಮುಖಕ್ಕೆ ಬರುತ್ತಿತ್ತು.

ಇದು ಲೌಲಸ್ಮಾ. ಎಸ್ಟೋನಿಯಾದ ರಾಜಧಾನಿ ಟ್ಯಾಲಿನ್‌ನಿಂದ ಸುಮಾರು 35 ಕಿಲೋಮೀಟರ್. ಇಲ್ಲಿನ ಸಂಗೀತ ರಚನೆಕಾರ ಆರ್ವೋ ಪ್ಯಾರ್ಟ್ ಅವರ ಸಂಗೀತವನ್ನೆಲ್ಲ ಕೂಡಿಟ್ಟಿರುವ ಕೇಂದ್ರ ಈ ಕಾಡಿನೊಳಗಿದೆ. ಮಗಳು ಓದಲು ಟ್ಯಾಲಿನ್‌ಗೆ ಹೋಗಿ ಎರಡು ವರ್ಷ ಆಗಿತ್ತು. "ಅಮ್ಮಾ, ವೀಣೆ ನುಡಿಸೋಳು ನೀನು, ಇದನ್ನ ನೋಡ್ಲೇಬೇಕು" ಅಂತ ಫೋನ್ ಮಾಡಿದಾಗಲೆಲ್ಲ ಹೇಳುತ್ತಿದ್ದಳು. ಕೊನೆಗೂ ಮೇ ತಿಂಗಳಲ್ಲಿ ಹೊರಟು ಬಂದೆ.

ಕೇಂದ್ರ 2018ರಲ್ಲಿ ತೆರೆಯಿತು. ಸ್ಪೇನಿನ ವಾಸ್ತುಶಿಲ್ಪಿಗಳು ಕಟ್ಟಿದ್ದು. ಕಟ್ಟಡ ಮರಗಳಿಗಿಂತ ತಗ್ಗಿನಲ್ಲೇ ಹರಡಿಕೊಂಡಿದೆ. ತೆಳ್ಳನೆಯ ಕಂಬಗಳು ಪೈನ್ ಕಾಂಡಗಳ ಜೊತೆ ಬೆರೆತು ಹೋಗುತ್ತವೆ. ಒಳಗೆ ಅಲ್ಲಲ್ಲಿ ಗಾಜಿನ ಗೋಡೆಯ ಅಂಗಳಗಳು, ನಮ್ಮ ತೊಟ್ಟಿ ಮನೆಯ ಹಾಗೆ. ಒಂದು ಅಂಗಳದಲ್ಲಿ ಪುಟ್ಟ ಪ್ರಾರ್ಥನಾ ಮಂದಿರ. ಒಳಗೆ ಬಂದವರೆಲ್ಲ ತಾವಾಗಿಯೇ ದನಿ ತಗ್ಗಿಸುತ್ತಿದ್ದರು. ನಾವೂ ಪಿಸುಮಾತಿಗೆ ಇಳಿದೆವು.

ಪ್ಯಾರ್ಟ್ ಹುಟ್ಟಿದ್ದು 1935ರಲ್ಲಿ. ಬೆಳೆದದ್ದು ರಾಕ್ವೆರೆ ಎಂಬ ಊರಿನಲ್ಲಿ. ಮನೆಯಲ್ಲಿದ್ದ ಹಳೆಯ ಪಿಯಾನೋದ ನಡುವಿನ ಸ್ವರಗಳು ಕೆಟ್ಟಿದ್ದವಂತೆ. ಹುಡುಗ ತುದಿಯ ತಗ್ಗು ಸ್ವರ, ಮೇಲಿನ ಸ್ವರಗಳಲ್ಲೇ ಆಡಿಕೊಂಡ. ಊರ ಚೌಕದ ಧ್ವನಿವರ್ಧಕದಲ್ಲಿ ಸಂಗೀತ ಬರುವಾಗ ಸೈಕಲ್ಲಿನಲ್ಲಿ ಸುತ್ತು ಹಾಕುತ್ತಾ ಕೇಳುತ್ತಿದ್ದ. ಮುಂದೆ ಎಸ್ಟೋನಿಯಾ ರೇಡಿಯೋದಲ್ಲಿ ಧ್ವನಿಮುದ್ರಣದ ಕೆಲಸ ಮಾಡಿದರು. ಆಗ ಸೋವಿಯತ್ ಆಡಳಿತ. 1968ರಲ್ಲಿ ಅವರು 'ಕ್ರೆಡೋ' ಬರೆದರು. ಕ್ರಿಸ್ತನಲ್ಲಿ ನಂಬಿಕೆ ಇದೆ ಅಂತ ಬಾಯಿಬಿಟ್ಟು ಹೇಳುವ ಕೃತಿ. ಅಧಿಕಾರಿಗಳು ಅದನ್ನು ಮತ್ತೆ ನುಡಿಸಲು ಬಿಡಲಿಲ್ಲ.

ಅದಾದ ಮೇಲೆ ಎಂಟು ವರ್ಷ ಅವರು ಹೊರಗೆ ಕೊಟ್ಟದ್ದು ತೀರಾ ಕಡಿಮೆ. ಆದರೆ ಕೈ ಸುಮ್ನೆ ಕೂತಿರಲಿಲ್ಲ. ಹಳೆಯ ಚರ್ಚ್ ಗಾಯನವನ್ನು, ಒಂದೇ ದನಿಯಲ್ಲಿ ಹಾಡುವುದನ್ನು, ಮಗುವಿನ ಹಾಗೆ ಮೊದಲಿನಿಂದ ಕಲಿತರು. ಪುಸ್ತಕದ ಮೇಲೆ ಪುಸ್ತಕ ತುಂಬಿಸಿದರು. ಹಕ್ಕಿಗಳ ಹಿಂಡು ಹಾರಿದ ಗೆರೆಯನ್ನೂ ಸ್ವರವಾಗಿ ಬರೆದು ನೋಡಿದರಂತೆ. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಹೆಸರು ಮಾಡಿದ ಮೇಲೆ ಮತ್ತೆ ಮೊದಲ ಪಾಠದ ಸರಳೆ ವರಸೆಗೆ ಹೋಗಿ ಕೂರುವುದು ಎಷ್ಟು ಜನಕ್ಕೆ ಆಗುತ್ತದೆ?

1976ರಲ್ಲಿ ಬಂತು 'ಫ್ಯೂರ್ ಅಲಿನಾ', ಅಲಿನಾಳಿಗಾಗಿ. ಪಿಯಾನೋಗೆ ಬರೆದ ಪುಟ್ಟ ಕೃತಿ. ಗ್ರಂಥಾಲಯದಲ್ಲಿ ಅದರ ಸ್ವರಲಿಪಿಯನ್ನು ಮಗಳು ನನ್ನ ಮುಂದೆ ಬಿಡಿಸಿಟ್ಟಳು. ನನಗೆ ಆ ಲಿಪಿ ಓದಲು ಬರುವುದಿಲ್ಲ. ಅವಳು ಬೆರಳಿಟ್ಟು ತೋರಿಸುತ್ತಾ ಹೋದಳು. ಬಲಗೈ ಹಾಡುತ್ತದೆ. ಎಡಗೈ ಜೊತೆಗೇ ಬರುತ್ತದೆ, ಆದರೆ ಅದಕ್ಕೆ ಮೂರೇ ಸ್ವರ. ನಮ್ಮ ಲೆಕ್ಕದಲ್ಲಿ ಷಡ್ಜ, ಸಾಧಾರಣ ಗಾಂಧಾರ, ಪಂಚಮ, ಅಂದರೆ ಸ, ಗ, ಪ. ಅಡಿಯಲ್ಲಿ ಮೊದಲೇ ಒತ್ತಿಟ್ಟ ಒಂದು ತಗ್ಗು ಷಡ್ಜ ತುಂಬಾ ಹೊತ್ತು ಉಳಿದಿರುತ್ತದೆ. ನನಗೆ ಕೂಡಲೇ ನೆನಪಾದದ್ದು ವೀಣೆಯ ಪಕ್ಕದ ತಾಳದ ತಂತಿ. ರಾಗ ಎಲ್ಲಿಗೆ ಹೋದರೂ ಕಿರುಬೆರಳು ಮೀಟುವುದು ಅದೇ ಷಡ್ಜ ಪಂಚಮ. ಹೋದವರನ್ನು ಕರೆಯುವ ಮನೆಯ ದನಿ ಅಲ್ವಾ ಅದು. ಪ್ಯಾರ್ಟ್ ಈ ಕ್ರಮಕ್ಕೆ 'ಟಿಂಟಿನಾಬುಲಿ' ಅಂತ ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ಪುಟ್ಟ ಗಂಟೆಗಳು ಅಂತ ಅರ್ಥ. ಎರಡು ಕೈಯ ದನಿ ಸೇರಿ ಒಂದೇ ಆಗುವ ಇದನ್ನು ಹೆಂಡತಿ ನೋರಾ 'ಒಂದು ಕೂಡಿಸು ಒಂದು ಸಮ ಒಂದು' ಎಂದರು.

ತಾಳದ ಗುರುತೇ ಇಲ್ಲ. ಮೊದಲು ಎರಡು ಸ್ವರದ ಸಾಲು, ಆಮೇಲೆ ಮೂರು, ನಾಲ್ಕು, ಹೀಗೆ ಎಂಟರ ತನಕ. ಮತ್ತೆ ಒಂದೊಂದೇ ಕಡಿಮೆ. "ಇದು ಮೃದಂಗ ಯತಿ ಕಣೇ, ಮೃದಂಗದ ಹಾಗೆ ನಡುವೆ ಅಗಲ, ತುದಿಗಳಲ್ಲಿ ಕಿರಿದು" ಎಂದೆ, ಸ್ವಲ್ಪ ಜೋರಾಗಿಯೇ.

ಆಮೇಲೆ ಅವಳು ಒಂದು ಕಡೆ ಬೆರಳು ನಿಲ್ಲಿಸಿದಳು. ಇಡೀ ಕೃತಿಯಲ್ಲಿ ಆ ಒಂದೇ ಕಡೆ ಎಡಗೈ ತನ್ನ ಮೂರು ಸ್ವರ ಬಿಟ್ಟು ಆಚೆ ಹೆಜ್ಜೆ ಇಡುತ್ತದೆ. ಅಲ್ಲಿ ಪ್ಯಾರ್ಟ್ ಒಂದು ಹೂವಿನ ಚಿತ್ರ ಬರೆದಿದ್ದಾರೆ.

"ಅಲಿನಾ ಯಾರು?" ಎಂದು ಕೇಳಿದೆ. ಪ್ಯಾರ್ಟ್ ಅವರಿಗೆ ಪರಿಚಯದ ಮನೆಯ ಹುಡುಗಿ. ಸಂಸಾರ ಒಡೆದು ಮಗಳು ಅಪ್ಪನ ಜೊತೆ ಇಂಗ್ಲೆಂಡಿಗೆ ಹೋದಳು. ಅಮ್ಮ ಇಲ್ಲೇ ಉಳಿದಳು. ಕೃತಿಯ ಮೇಲಿರುವುದು ಮಗಳ ಹೆಸರು, ಬರೆದದ್ದು ಅಮ್ಮನ ಸಮಾಧಾನಕ್ಕೆ. ಆ ಕಾಲದಲ್ಲಿ ಸೋವಿಯತ್ ಗಡಿ ದಾಟುವುದು ಎಂದರೆ ಏನು ಅಂತ ಯೋಚಿಸಿದೆ. ನನ್ನ ಮಗಳು ನನಗೆ ದಿನಾ ವಿಡಿಯೋದಲ್ಲಿ ಸಿಗುತ್ತಾಳೆ. ಆದರೂ ಅವಳ ಕೋಣೆಯ ಬಾಗಿಲು ನಾನು ಮುಚ್ಚುವುದಿಲ್ಲ.

ಪ್ಯಾರ್ಟ್ ಕೂಡ 1980ರಲ್ಲಿ ಮನೆಮಂದಿಯ ಜೊತೆ ದೇಶ ಬಿಟ್ಟರು. ವಿಯೆನ್ನಾ, ಆಮೇಲೆ ಬರ್ಲಿನ್. ಎಸ್ಟೋನಿಯಾಕ್ಕೆ ನೆಲೆಸಲು ವಾಪಸ್ ಬಂದದ್ದು 2010ರಲ್ಲಿ, ಮೂವತ್ತು ವರ್ಷಗಳ ಮೇಲೆ.

ಗೋಪುರ ಹತ್ತಿದೆವು. ಸುತ್ತ ಪೈನ್ ಮರಗಳ ತಲೆ, ಅದರಾಚೆ ಬೂದು ಬಣ್ಣದ ಬಾಲ್ಟಿಕ್ ಸಮುದ್ರ. ಮಗಳು ಒಂದು ಇಯರ್‌ಫೋನ್ ನನ್ನ ಕಿವಿಗಿಟ್ಟು ಇನ್ನೊಂದನ್ನು ತಾನು ಇಟ್ಟುಕೊಂಡಳು. ತಗ್ಗು ಷಡ್ಜ ಬಿತ್ತು. ಎರಡು ಸ್ವರ. ನಿಂತಿತು. ಮೂರು ಸ್ವರ. ನನ್ನ ಕಿರುಬೆರಳು ಕಟಕಟೆಯ ಮೇಲೆ ತಾನಾಗಿ ಅಲ್ಲಾಡುತ್ತಿತ್ತು.

ಹೂವಿನ ಜಾಗ ಬಂದಾಗ ಅವಳು ಏನೂ ಹೇಳಲಿಲ್ಲ. ನನ್ನ ಕೈ ಒತ್ತಿದಳು.