ಮಹಾನಗರದ ನೀರು ಹರಿದುಹೋಗುವ ಊರಿನಿಂದ

ಶಿಕಾಗೋ ಬೆಳೆದ ಬಗೆಯನ್ನು ವಿವರಿಸುವವರು ಸಾಮಾನ್ಯವಾಗಿ ಡೇನಿಯಲ್ ಬರ್ನಮ್ ಮತ್ತು ಎಡ್ವರ್ಡ್ ಬೆನೆಟ್ 1909ರಲ್ಲಿ ಮುಂದಿಟ್ಟ ನಗರಯೋಜನೆಯನ್ನೇ ಮೊದಲು ಹೇಳುತ್ತಾರೆ. ಮಿಷಿಗನ್ ಸರೋವರದ ದಡದುದ್ದಕ್ಕೂ ಉದ್ಯಾನಗಳು, ಅಗಲವಾದ ಬೀದಿಗಳು, ನದಿಯ ಪಕ್ಕದಲ್ಲಿ ಎರಡು ಅಂತಸ್ತಿನ ರಸ್ತೆ, ಇವೆಲ್ಲ ಅದರಲ್ಲಿದ್ದವು. ಎಂಟನೇ ತರಗತಿಯ ಮಕ್ಕಳಿಗೆ ಆ ಯೋಜನೆಯನ್ನು ಪಠ್ಯವಾಗಿ ಕಲಿಸಿದರೆಂಬುದನ್ನು ಓದಿದಾಗ ನನಗೆ ನಿಜಕ್ಕೂ ಗೌರವವೆನಿಸಿತು. ಆದರೆ ನಾನಿರುವುದು ಶಿಕಾಗೋದಲ್ಲಲ್ಲ, ಅದರ ನೈಋತ್ಯಕ್ಕೆ ಸುಮಾರು 60 ಕಿ.ಮೀ. ದೂರದ ಜೋಲಿಯೆಟ್ ಎಂಬ ಊರಿನಲ್ಲಿ. ಶಿಕಾಗೋ ಬಳಸಿ ಬಿಟ್ಟ ನೀರು ಈ ಊರಿನ ನಡುವೆ ಹಾದುಹೋಗುತ್ತದೆ. ಕೋಲಾರ ತಾಲ್ಲೂಕಿನ ನರಸಾಪುರದ ಕಡೆಯವನಾದ ನನಗೆ, ಒಂದು ಮಹಾನಗರದ ಚರಿತ್ರೆಯನ್ನು ಅದರ ನೀರು ಹೋಗಿ ಸೇರುವ ಕಡೆ ನಿಂತು ಓದಿದರೇ ಪೂರ್ತಿ ತಿಳಿಯುವುದು ಎನ್ನಿಸುತ್ತದೆ.

1837ರಲ್ಲಿ ನಗರವೆಂದು ಘೋಷಣೆಯಾದಾಗ ಶಿಕಾಗೋದ ಜನಸಂಖ್ಯೆ ಸುಮಾರು 4,000. 1890ರ ಹೊತ್ತಿಗೆ ಅದು 10 ಲಕ್ಷ ದಾಟಿತ್ತು. ಊರು ನಿಂತಿದ್ದ ನೆಲವಾದರೋ ಸರೋವರದ ಮಟ್ಟಕ್ಕಿಂತ ಕೆಲವೇ ಅಡಿ ಎತ್ತರದ, ಇಳಿಜಾರೇ ಇಲ್ಲದ ಜೌಗು. 1854ರ ಕಾಲರಾ ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಮರುವರ್ಷ ಬಾಸ್ಟನ್‌ನಿಂದ ಕರೆಸಿದ ಎಂಜಿನಿಯರ್ ಎಲ್ಲಿಸ್ ಚೆಸ್‌ಬ್ರೋ, ಅಗೆದು ಒಳಚರಂಡಿ ಹಾಕಿದರೆ ನೀರು ಹರಿಯುವುದಿಲ್ಲವೆಂದು ಕಂಡು, ಕೊಳವೆಗಳನ್ನು ನೆಲದ ಮೇಲೆಯೇ ಹಾಸಿ, ಅವುಗಳ ಮೇಲೆ ಮಣ್ಣು ತುಂಬಿ ಬೀದಿಗಳನ್ನೇ ಎತ್ತರಿಸುವ ಯೋಜನೆ ಕೊಟ್ಟನು. ಬೀದಿ ಎತ್ತರವಾದ ಮೇಲೆ ಮನೆಗಳು ಹಳ್ಳಕ್ಕೆ ಬಿದ್ದಂತಾದವು, ಆದ್ದರಿಂದ ಕಟ್ಟಡಗಳನ್ನೂ ಎತ್ತಬೇಕಾಯಿತು. 1860ರಲ್ಲಿ ಲೇಕ್ ಸ್ಟ್ರೀಟಿನ ಒಂದು ಸಾಲು ಪೂರ್ತಿ, ಇಟ್ಟಿಗೆ ಕಲ್ಲಿನ ಅಂಗಡಿ ಕಚೇರಿಗಳ ಸಮೇತ, ಮೇಲಕ್ಕೇರಿತು. ಅಡಿಪಾಯದ ಕೆಳಗೆ ಸುಮಾರು 6,000 ಸ್ಕ್ರೂ ಜಾಕ್‌ಗಳನ್ನಿಟ್ಟು, 600 ಆಳುಗಳು ಸನ್ನೆ ಕೊಟ್ಟ ಕ್ಷಣ ಒಟ್ಟಿಗೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋದರು, ಒಳಗೆ ವ್ಯಾಪಾರ ನಡೆಯುತ್ತಲೇ ಇತ್ತು. ಮರುವರ್ಷ ಟ್ರೆಮಾಂಟ್ ಹೌಸ್ ಎಂಬ ಹೋಟೆಲನ್ನು ಅತಿಥಿಗಳು ಉಳಿದುಕೊಂಡಿದ್ದಂತೆಯೇ ಎತ್ತಿದರು. ಇಷ್ಟು ಕಷ್ಟಕ್ಕೆ ಕೈಹಾಕಿದ ಊರನ್ನು ಮೆಚ್ಚದಿರಲು ಸಾಧ್ಯವಿಲ್ಲ.

ಆದರೆ ಆ ಚರಂಡಿಗಳೆಲ್ಲ ಸೇರಿದ್ದು ಶಿಕಾಗೋ ನದಿಯನ್ನು, ನದಿ ಸೇರುತ್ತಿದ್ದುದು ಮಿಷಿಗನ್ ಸರೋವರವನ್ನು, ಜನ ಕುಡಿಯುತ್ತಿದ್ದುದೂ ಅದೇ ಸರೋವರದ ನೀರನ್ನು. 1867ರಲ್ಲಿ ದಡದಿಂದ ಎರಡು ಮೈಲಿ ಒಳಗಿನವರೆಗೆ ಸುರಂಗ ಕೊರೆದು ಅಲ್ಲಿಂದ ನೀರು ತಂದರೂ ಕೊಳಚೆ ಬೆನ್ನುಬಿಡಲಿಲ್ಲ. ಕೊನೆಗೆ ನದಿಯನ್ನೇ ಹಿಂದಕ್ಕೆ ತಿರುಗಿಸಲು ನಿರ್ಧರಿಸಿದರು. 1892ರಲ್ಲಿ ಆರಂಭವಾದ 28 ಮೈಲಿ ಉದ್ದದ ಕಾಲುವೆಗೆ 1900ರ ಜನವರಿ 2ರಂದು ನೀರು ಬಿಟ್ಟರು. ಆ ಕೊಳಚೆ ಹರಿದು ಬರುವ ಕೆಳದಿಕ್ಕಿನಲ್ಲಿದ್ದು, ತಡೆಯಾಜ್ಞೆ ತರಲು ಸಿದ್ಧವಾಗುತ್ತಿದ್ದ ಮಿಸೌರಿ ರಾಜ್ಯಕ್ಕೆ ಅವಕಾಶವಾಗಬಾರದೆಂದು ಅವಸರ ಅವಸರವಾಗಿಯೇ ಬಿಟ್ಟರು. ಅಂದಿನಿಂದ ನಗರದ ಕೊಳಚೆ ಸರೋವರದ ಕಡೆಗಲ್ಲದೆ ಲಾಕ್‌ಪೋರ್ಟ್, ಜೋಲಿಯೆಟ್ ದಾಟಿ ಇಲಿನಾಯ್ ನದಿಗೆ, ಅಲ್ಲಿಂದ ಮಿಸ್ಸಿಸಿಪ್ಪಿಗೆ ಹರಿಯತೊಡಗಿತು. ಮೊದಲ ದಶಕಗಳಲ್ಲಿ ಅದು ಸರೋವರದ ನೀರಿನೊಂದಿಗೆ ತೆಳುವಾಗಿಸಿದ ಕಚ್ಚಾ ಕೊಳಚೆ, ಅಷ್ಟೇ. ಇಲಿನಾಯ್ ನದಿಯ ಮಟ್ಟವೂ ಏರಿ ದಡದ ರೈತರ ತಗ್ಗಿನ ಹೊಲಗಳು ಮುಳುಗಿದವು. ಮಿಸೌರಿ ಹೂಡಿದ ಮೊಕದ್ದಮೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 1906ರಲ್ಲಿ ವಜಾ ಮಾಡಿತು. ಮಿಸೌರಿಯ ಸೇಂಟ್ ಲೂಯಿಸ್ ನಗರದ ವಿಷಮಶೀತಜ್ವರಕ್ಕೆ (ಟೈಫಾಯ್ಡ್) 357 ಮೈಲಿ ದೂರದ ಶಿಕಾಗೋವೇ ಕಾರಣವೆಂದು ಸಾಬೀತಾಗಲಿಲ್ಲ, ಮಿಸೌರಿಯ ಊರುಗಳೂ ಅದೇ ನದಿಗೆ ಕೊಳಚೆ ಬಿಡುತ್ತಿದ್ದವು ಎಂಬುದೂ ಅದಕ್ಕೆ ಅಡ್ಡಬಂದಿತು. 1909ರ ಯೋಜನೆ ಬಿಡಿಸಿದ ಸುಂದರ ಸರೋವರದ ದಡ ಸಾಧ್ಯವಾದದ್ದು ಈ ಕಾಲುವೆಯಿಂದ ಎಂದು ನಾನು ಭಾವಿಸುತ್ತೇನೆ. ಜಗತ್ತಿನ ಅತಿ ದೊಡ್ಡ ಶುದ್ಧೀಕರಣ ಘಟಕಗಳಲ್ಲಿ ಒಂದಾದ ಸ್ಟಿಕ್ನಿ ಕೆಲಸ ಆರಂಭಿಸಿದ್ದು 1930ರಲ್ಲಿ, ಮಳೆನೀರು ಕೊಳಚೆಯೊಂದಿಗೆ ಬೆರೆತು ಉಕ್ಕುವುದನ್ನು ತಡೆಯಲು ಆಳದ ಸುರಂಗಗಳನ್ನು ಕೊರೆಯತೊಡಗಿದ್ದು 1975ರಲ್ಲಿ.

ಜೋಲಿಯೆಟ್‌ನ ಪೇಟೆಯ ನಡುವೆ ಈ ನೀರು ಎತ್ತರದ ಕಾಂಕ್ರೀಟ್ ಗೋಡೆಗಳ ಮಧ್ಯೆ ಸಾಗುತ್ತದೆ. ಸರಕು ಹೊತ್ತ ದೋಣಿಗಳ ಸಾಲು ಬಂದಾಗ ಗಂಟೆ ಬಾರಿಸಿ, ಸೇತುವೆಯ ಹಲಗೆ ಮೇಲೆದ್ದು ನಿಲ್ಲುತ್ತದೆ. ಇಷ್ಟು ನೀರು ಪಕ್ಕದಲ್ಲೇ ಹರಿಯುತ್ತಿದ್ದರೂ ನಮ್ಮ ನಲ್ಲಿಗೆ ಬರುವುದು ಆಳದ ಮರಳುಗಲ್ಲಿನ ಪದರದಿಂದ ಎತ್ತಿದ ಕೊಳವೆಬಾವಿ ನೀರು. ಅದರಲ್ಲಿ ನೈಸರ್ಗಿಕವಾಗಿಯೇ ರೇಡಿಯಂ ಇರುವುದರಿಂದ ಶುದ್ಧೀಕರಿಸಿ ಕೊಡುತ್ತಾರೆ. ಫ್ಲೋರೈಡ್ ನೀರಿನ ಜಿಲ್ಲೆಯಿಂದ ಬಂದವನಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಆ ಪದರವೂ ಈಗ ಬತ್ತುತ್ತಿದೆ. ಹೀಗಾಗಿ ಜೋಲಿಯೆಟ್ ಮತ್ತು ನೆರೆಯ ಐದು ಊರುಗಳು ಒಂದು ನೀರಿನ ಆಯೋಗ ಮಾಡಿಕೊಂಡು, 2030ರ ಹೊತ್ತಿಗೆ ಶಿಕಾಗೋದಿಂದಲೇ ಸರೋವರದ ನೀರನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡಿವೆ.

ಬೆಂಗಳೂರಿನ ಕಥೆಯೂ ಹೀಗೆಯೇ ಒಂದು ಪಿಡುಗು, ಒಂದು ಬಾಯಾರಿಕೆ ಎಂದು ಮುಂದುವರಿಯುತ್ತದೆ. 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಹೆಸರಘಟ್ಟ ಕೆರೆಯ ನೀರು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ, ಅದೂ ಸಾಲದೆ 1974ರಲ್ಲಿ ಸುಮಾರು 100 ಕಿ.ಮೀ. ದೂರದ ಕಾವೇರಿ ಬಂದಿತು. ಹಾಗೆ ಬಂದ ನೀರು ಬಳಕೆಯಾದ ಮೇಲೆ ಎಲ್ಲಿಗೆ ಹೋಗಬೇಕೆಂಬುದಕ್ಕೆ ದೊರೆತ ಉತ್ತರಗಳಲ್ಲಿ ಒಂದು ಕೋಲಾರ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು, ಅಂದರೆ ನಮ್ಮವರು ‘ಕೆ.ಸಿ. ವ್ಯಾಲಿ ನೀರು’ ಎನ್ನುವುದು, 2018ರಲ್ಲಿ ನರಸಾಪುರದ ಬಳಿಯ ಲಕ್ಷ್ಮೀಸಾಗರ ಕೆರೆಗೆ ಬಂದಿತು. ದಿನಕ್ಕೆ 44 ಕೋಟಿ ಲೀಟರ್ ತಂದು ನೂರಕ್ಕೂ ಹೆಚ್ಚು ಕೆರೆಗಳನ್ನು ತುಂಬಿಸುವ ಯೋಜನೆ ಅದು. ಕೆಲವೇ ವಾರಗಳಲ್ಲಿ ಕೆರೆಯಲ್ಲಿ ನೊರೆ ಕಾಣಿಸಿಕೊಂಡು, ವಿಷಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಸಾವಿರ ಅಡಿ ಕೊರೆದರೂ ಧೂಳೇ ಏಳುತ್ತಿದ್ದ ನಮ್ಮ ಸೀಮೆಯಲ್ಲಿ ಈ ನೀರನ್ನು ಬೇಡವೆನ್ನುವ ಧೈರ್ಯ ಯಾರಿಗೂ ಸುಲಭವಲ್ಲ. ನಮ್ಮ ದೊಡ್ಡಪ್ಪ ಫೋನಿನಲ್ಲಿ ಹೇಳಿದ್ದು ಇಷ್ಟೇ: “ಬೋರ್‌ನಲ್ಲಿ ನೀರು ಬಂತಪ್ಪ, ಟೊಮ್ಯಾಟೊಗೆ ಬಿಡ್ತೀವಿ. ಕುಡಿಯೋಕೆ ಮಾತ್ರ ಕ್ಯಾನ್ ತರ್ತೀವಿ.”

ಇಲ್ಲಿಗೂ ಅಲ್ಲಿಗೂ ಒಂದು ಮುಖ್ಯ ವ್ಯತ್ಯಾಸವಿದೆ, ನಾನು ಒತ್ತಿ ಹೇಳಬೇಕೆಂದಿರುವುದು ಅದನ್ನೇ. ಶಿಕಾಗೋದ ನೀರು ಜೋಲಿಯೆಟ್‌ನಲ್ಲಿ ನಿಲ್ಲುವುದಿಲ್ಲ, ಹರಿದು ಮುಂದಕ್ಕೆ ಹೋಗುತ್ತದೆ. ಕೋಲಾರದಲ್ಲಿ ಅದು ನಿಲ್ಲುತ್ತದೆ. ಒಂದು ಕೆರೆಯ ಕೋಡಿ ಹರಿದು ಮುಂದಿನ ಕೆರೆ ತುಂಬುವ, ತೂಬು ಎತ್ತಲು ನೀರುಗಂಟಿ ಇದ್ದ ಆ ಹಳೆಯ ಸರಪಳಿ ರೂಪುಗೊಂಡದ್ದು ಮಳೆನೀರಿಗಾಗಿ. ನೀರನ್ನು ಹಿಡಿದಿಟ್ಟು ನೆಲಕ್ಕೆ ಇಂಗಿಸುವುದೇ ಅದರ ಕೆಲಸ. ಕೆರೆಯಲ್ಲಿ ನಿಂತದ್ದೆಲ್ಲ ನಿಧಾನವಾಗಿ ಕೊಳವೆಬಾವಿಯನ್ನು ಸೇರುತ್ತದೆ, ಅಲ್ಲಿ ಸೇರಿದ ಕಲ್ಮಶವನ್ನು ಮತ್ತೆ ತೆಗೆಯುವುದು ತೀರಾ ಕಷ್ಟ. ಆದ್ದರಿಂದ ನದಿಗೆ ಬಿಡಲು ಸಾಕಾಗುವ ಎರಡನೇ ಹಂತದ ಶುದ್ಧೀಕರಣ (ಸೂಕ್ಷ್ಮಜೀವಿಗಳಿಂದ ಕೊಳೆಯನ್ನು ಕರಗಿಸುವುದು) ನಮ್ಮ ಕೆರೆಗಳಿಗೆ ಸಾಲದು, ಉಳಿದ ಕಲ್ಮಶವನ್ನೂ ತೆಗೆಯುವ ಮೂರನೇ ಹಂತದ ಶುದ್ಧೀಕರಣ ಬೇಕು ಎಂದು ಊರಿನ ಹೋರಾಟಗಾರರು ವರ್ಷಗಳಿಂದ ಕೇಳುತ್ತಿರುವುದು ಅತ್ಯಂತ ನ್ಯಾಯವಾದದ್ದು.

ಜೋಲಿಯೆಟ್‌ಗೆ ಇಂದು ಶಿಕಾಗೋದೊಂದಿಗೆ ಲಿಖಿತ ಒಪ್ಪಂದವಿದೆ, ನೆರೆಯ ಊರುಗಳೊಂದಿಗೆ ಸೇರಿ ಮಾತಾಡುವ ಆಯೋಗವಿದೆ. ಕೋಲಾರ, ಮಾಲೂರು, ಬಂಗಾರಪೇಟೆ, ಶ್ರೀನಿವಾಸಪುರದ ಪಂಚಾಯ್ತಿಗಳಿಗೂ ಅಂಥದ್ದೊಂದು ಪೀಠ ಬೇಕು. ಬೆಂಗಳೂರಿನ ಮುಂದಿನ ಮಾಸ್ಟರ್ ಪ್ಲಾನ್ ಚರ್ಚೆಗೆ ಬಂದಾಗ ನೀರು ಬರುವ ದಾರಿಯ ಜೊತೆಗೆ ನೀರು ಹೋಗುವ ದಾರಿಯೂ, ಅದು ನಿಲ್ಲುವ ಪ್ರತಿಯೊಂದು ಕೆರೆಯೂ ನಕ್ಷೆಯಲ್ಲಿರಬೇಕು. ಪ್ರತಿ ತಿಂಗಳ ನೀರಿನ ಪರೀಕ್ಷೆಯ ಫಲಿತಾಂಶ ಆಯಾ ಕೆರೆಯ ಏರಿಯ ಮೇಲೆ ಕನ್ನಡದಲ್ಲಿ ಬರೆದಿರಬೇಕು. ಊರಿನಲ್ಲಿರುವ ಗೆಳೆಯರು ಗ್ರಾಮಸಭೆಯಲ್ಲಿ ಈ ಎರಡನ್ನು ಠರಾವಾಗಿ ಬರೆಸುವುದಾದರೆ, ಇಲ್ಲಿನ ಒಪ್ಪಂದದ ಕಾಗದಪತ್ರಗಳನ್ನು ಓದಿ ಕನ್ನಡದಲ್ಲಿ ಬರೆದುಕೊಡುವ ಕೆಲಸ ನನ್ನದು.