ಮಗಳ ಮನೆಯೋ, ನಿಮ್ಮ ಮನೆಯೋ?

ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತವರು ಮೊದಲು ಆರೋಗ್ಯ ವಿಚಾರಿಸುತ್ತಾರೆ. ಎಲೆಗೆ ಹೋಳಿಗೆ ಬೀಳುವಷ್ಟರಲ್ಲಿ ಎರಡನೆಯ ಪ್ರಶ್ನೆ ಬರುತ್ತದೆ: "ಸಾಹೇಬರೇ, ಈಗ ಮಗಳ ಮನೆಯಲ್ಲಿದ್ದೀರಂತೆ? ಇಲ್ಲ, ಮಗಳೇ ನಿಮ್ಮ ಮನೆಯಲ್ಲಿದ್ದಾಳೋ?" ಬೆಣ್ಣೆದೋಸೆ ಹೋಟೆಲಿನಲ್ಲೂ ಇದೇ ಪ್ರಶ್ನೆ, ಬ್ಯಾಂಕಿನಲ್ಲಿ ಪಿಂಚಣಿಯ ಸಾಲಿನಲ್ಲಿ ನಿಂತಾಗಲೂ ಇದೇ. ಕೇಳುವವರಲ್ಲಿ ಎರಡು ಬಗೆಯವರಿದ್ದಾರೆ. ಪುಣೆಯಲ್ಲಿ ಮಗನಿರುವಾಗ ನಾನು ಮಗಳ ಜೊತೆ ಏಕಿದ್ದೇನೆ ಎಂಬುದು ಕೆಲವರ ಕುತೂಹಲ. ಅವರಿಗೆ ನಾನು ಹೋಳಿಗೆಯ ತುಪ್ಪ ಚೆನ್ನಾಗಿದೆ ಎಂದಷ್ಟೇ ಹೇಳುತ್ತೇನೆ. ಇನ್ನು ಕೆಲವರು ಆಗ ಸುಮ್ಮನಿದ್ದು, ಕೈ ತೊಳೆಯಲು ಹೋಗುವಾಗ ದನಿ ತಗ್ಗಿಸಿ, "ನಾವೂ ಹಾಗೇ ಮಾಡಬೇಕೆಂದಿದ್ದೇವೆ. ಎಂಥ ಮನೆ ನೋಡಬೇಕು?" ಎನ್ನುತ್ತಾರೆ. ಈ ಬರಹ ಅವರಿಗೆ.

ನಾನು ಸರ್ವೆ ಇಲಾಖೆಯಲ್ಲಿ ಭೂಮಾಪಕನಾಗಿದ್ದವನು. ಜಗಳೂರಿನ ಕೆಂಪು ಹೊಲಗಳಿಂದ ಶುರುವಾಗಿ, 1997ರಲ್ಲಿ ದಾವಣಗೆರೆ ಜಿಲ್ಲೆಯಾಗಿ ಚನ್ನಗಿರಿ, ಹೊನ್ನಾಳಿ ನಮ್ಮ ಪಾಲಿಗೆ ಬಂದ ಮೇಲೆ ಆ ಕಡೆಯ ಗದ್ದೆ ತೋಟಗಳವರೆಗೆ ಅಳೆದಿದ್ದೇನೆ. ಒಂದು ಗೇಣು ಬದುವಿಗಾಗಿ ಅಣ್ಣತಮ್ಮಂದಿರು ಹತ್ತು ವರ್ಷ ಮಾತು ಬಿಟ್ಟಿದ್ದನ್ನು ಕಂಡಿದ್ದೇನೆ. ಅವರಲ್ಲಿ ಕೆಟ್ಟವರು ಕಡಿಮೆ, ಗಡಿ ತೋರಿಸುವ ಬಾಂದು ಕಲ್ಲು ಎಲ್ಲಿದೆಯೆಂದು ತಿಳಿಯದವರೇ ಹೆಚ್ಚು. ಗಡಿ ಅಳೆದು ಹದ್ದುಬಸ್ತು ಮಾಡಿ ಕಲ್ಲು ನೆಟ್ಟ ಮಾರನೆಯ ವಾರ ಅದೇ ಕಲ್ಲಿನ ಮೇಲೆ ಕುಳಿತು ಇಬ್ಬರೂ ಒಂದೇ ಬೆಂಕಿಪೊಟ್ಟಣದಿಂದ ಬೀಡಿ ಹಚ್ಚಿದ್ದನ್ನೂ ಕಂಡಿದ್ದೇನೆ. ಹಾಗಾಗಿ ಮೂವತ್ತಾರು ವರ್ಷದ ಮಗಳ ಜೊತೆ ಇರಲು ಮನೆ ಹುಡುಕುವ ಸಂದರ್ಭ ಬಂದಾಗ, ಅದು ನನಗೆ ನನ್ನದೇ ಕಸುಬಿನ ಕೆಲಸದಂತೆ ಕಂಡಿತು.

ಸ್ವಂತ ಮನೆ ಇರಲಿಲ್ಲವೇ? ಇತ್ತು, ಈಗಲೂ ಇದೆ. ದಾವಣಗೆರೆಯ ವಿನೋಬನಗರದಲ್ಲಿ ಮೂವತ್ತು ನಲವತ್ತರ ನಿವೇಶನದಲ್ಲಿ ನಾನೂ ನನ್ನ ಹೆಂಡತಿಯೂ ಒಂದೊಂದು ಇಟ್ಟಿಗೆಗೂ ಲೆಕ್ಕ ಬರೆದು ಕಟ್ಟಿಸಿದ ಮನೆ. ಅವಳು ಹೋದ ಎರಡು ವರ್ಷಕ್ಕೆ ಮಗಳು ತುಮಕೂರಿನಿಂದ ವಾಪಸು ಬಂದಳು. ಮದುವೆಯಾಗಿತ್ತು, ಈಗ ಇಲ್ಲ. ಅದರ ವಿವರ ಇಲ್ಲಿ ಬರೆಯುವುದಿಲ್ಲ, ಅದು ಅವಳ ಸರ್ವೆ ನಂಬರು. ಇಲ್ಲಿನ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ ಸಿಕ್ಕಿತು. ವಾರಕ್ಕೊಮ್ಮೆ ಬದಲಾಗುವ ಪಾಳಿ. ಮಹಡಿಯ ಮೇಲಿನ ತನ್ನ ಹಳೆಯ ಕೋಣೆಯಲ್ಲೇ ಉಳಿದುಕೊಂಡಳು. ಗೋಡೆಯ ಮೇಲೆ ಎಸ್ಸೆಸ್ಸೆಲ್ಸಿಯ ವೇಳಾಪಟ್ಟಿ ಅಂಟಿಸಿದ್ದ ಗೋಂದಿನ ಕಲೆ ಇನ್ನೂ ಇತ್ತು.

ಎಂಟು ತಿಂಗಳು ಹಾಗೇ ಕಳೆದೆವು. ಅವಳು ಚಪ್ಪಲಿ ಮೆಟ್ಟಿದರೆ ಸಾಕು, ನನ್ನ ಬಾಯಿಂದ "ಎಲ್ಲಿಗೆ?" ಎಂಬ ಮಾತು ತಾನಾಗಿಯೇ ಬೀಳುತ್ತಿತ್ತು. ರಾತ್ರಿ ಗೇಟಿನ ಚಿಲಕ ಸದ್ದಾದರೆ ಗಡಿಯಾರ ನೋಡುತ್ತಿದ್ದೆ. ಒಂದು ದಿನ ಅವಳು ಸಿಟ್ಟಿಲ್ಲದೆ, ಬೇಸರವೂ ಇಲ್ಲದೆ ಹೇಳಿದಳು: "ಅಪ್ಪಾಜಿ, ಈ ಮನೆಯೊಳಗೆ ಕಾಲಿಟ್ಟರೆ ನನಗೆ ಹದಿನಾರು ವರ್ಷವಾಗಿಬಿಡುತ್ತದೆ." ಆ ರಾತ್ರಿ ಯೋಚಿಸಿದೆ. ಆ ಮನೆಯಲ್ಲಿ ನನಗೂ ನಲವತ್ತಾರೇ ಆಗಿತ್ತು.

ಹಾಗಾಗಿ ಕೇಳುವವರಿಗೆ ನನ್ನ ಮೊದಲ ಮಾತು: ನಿಮ್ಮ ಹಳೆಯ ಮನೆಯಲ್ಲಿ ಮಗಳಿಗೊಂದು ಕೋಣೆ ಬಿಟ್ಟುಕೊಡಬೇಡಿ, ಮಗಳ ಮನೆಯ ಮೂಲೆಯಲ್ಲಿ ನಿಮ್ಮ ಮಂಚ ಹಾಕಿಸಿಕೊಳ್ಳಲೂಬೇಡಿ. ಇಬ್ಬರೂ ಒಂದೇ ದಿನ ಹೊಸ್ತಿಲು ದಾಟುವಂಥ ಮೂರನೆಯ ಮನೆ ಹುಡುಕಿ. ಹಣದ ಅನುಕೂಲ ಎಲ್ಲರಿಗೂ ಇರುವುದಿಲ್ಲ, ಒಪ್ಪುತ್ತೇನೆ. ನಾವು ವಿನೋಬನಗರದ ಮನೆಯನ್ನು ಬಾಡಿಗೆಗೆ ಕೊಟ್ಟು, ಬರುವ ಬಾಡಿಗೆಯನ್ನು ಇಲ್ಲಿ ಕಟ್ಟಿದೆವು. ಮೊದಲ ಹನ್ನೊಂದು ತಿಂಗಳು ಬಾಡಿಗೆ ಕರಾರಿನಲ್ಲೇ ಇದ್ದು ನೋಡಿದೆವು. ಖರೀದಿಯ ಮಾತು ಆಮೇಲೆ. ತಿಂಗಳ ಬಾಡಿಗೆಯ ಬದಲು ಒಂದೇ ಸಲ ದೊಡ್ಡ ಮೊತ್ತ ಕೊಟ್ಟು ಭೋಗ್ಯಕ್ಕೆ ಹಾಕಿಕೊಳ್ಳಿ ಎಂದು ಹಲವರು ಹೇಳಿದರು. ಅಷ್ಟು ದೊಡ್ಡ ಮೊತ್ತ ಒಬ್ಬ ಮಾಲೀಕರ ಕೈಯಲ್ಲಿ ಸಿಕ್ಕಿಕೊಂಡರೆ, ನಮಗಿಬ್ಬರಿಗೂ ಹೊಂದಿಕೆಯಾಗದಿದ್ದರೂ ಎದ್ದು ಬರುವುದು ಕಷ್ಟವೆಂದು ಬೇಡವೆಂದೆ.

ಹನ್ನೊಂದು ಮನೆ ನೋಡಿದೆವು. ಶಾಮನೂರು ರಸ್ತೆ, ವಿದ್ಯಾನಗರ, ನಿಜಲಿಂಗಪ್ಪ ಬಡಾವಣೆ, ಎಂ.ಸಿ.ಸಿ. ಬಿ ಬ್ಲಾಕ್. ಮೊದಲನೆಯದರಲ್ಲೇ ದಲ್ಲಾಳಿ ದೊಡ್ಡ ಕೋಣೆಯ ಬಾಗಿಲು ತೆಗೆದು, "ಇದು ಯಜಮಾನರಿಗೆ, ಮಾಸ್ಟರ್ ಬೆಡ್‌ರೂಮ್. ಆ ಕಡೆಯದು ಮಕ್ಕಳ ಕೋಣೆ, ಮೇಡಮ್ ಅಲ್ಲಿರಬಹುದು" ಎಂದ. ಮಕ್ಕಳ ಕೋಣೆಯಲ್ಲಿ ಒಂದು ಮಂಚ ಹಾಕಿದರೆ ಕಪಾಟಿನ ಬಾಗಿಲು ತೆರೆಯುವಂತಿರಲಿಲ್ಲ. ಸ್ನಾನದ ಮನೆ ಯಜಮಾನರ ಕೋಣೆಯೊಳಗೆ ಒಂದು, ಹಾಲಿನ ಮೂಲೆಯಲ್ಲಿ ಇನ್ನೊಂದು. ನಮ್ಮ ಊರಿನ ಎರಡು ಬೆಡ್‌ರೂಮಿನ ಮನೆಗಳಲ್ಲಿ ಬಹುಪಾಲು ಇದೇ ನಕ್ಷೆ: ಗಂಡಹೆಂಡತಿ, ಸಣ್ಣ ಮಕ್ಕಳು, ಆಗೊಮ್ಮೆ ಈಗೊಮ್ಮೆ ಬರುವ ಅತ್ತೆ. ಸಂಬಳ ತರುವ ಇಬ್ಬರು ದೊಡ್ಡವರು ಸರಿಸಮನಾಗಿ ಇರುತ್ತಾರೆಂದು ಯಾರೂ ಊಹಿಸಿರುವುದಿಲ್ಲ. ನಾವು ಬೇಕೆಂದದ್ದು ಅಳತೆಯಲ್ಲಿ ಹೆಚ್ಚುಕಡಿಮೆ ಸಮನಾದ ಎರಡು ಕೋಣೆ, ಎರಡಕ್ಕೂ ತಮ್ಮದೇ ಸ್ನಾನದ ಮನೆ. ಇದೊಂದನ್ನು ಹಿಡಿದು ಜರಡಿಯಾಡಿದರೆ ಹನ್ನೊಂದರಲ್ಲಿ ಉಳಿದದ್ದು ನಾಲ್ಕು.

ಆ ನಾಲ್ಕರಲ್ಲಿ ಎರಡನ್ನು ಮಿಕ್ಸಿ ತಿಂದುಹಾಕಿತು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಎಂಟೂವರೆಗೆ ಬಂದು ಮಲಗುವವಳಿಗೆ ಒಂಬತ್ತು ಗಂಟೆಯ ಚಟ್ನಿಯೇ ಶತ್ರು. ಅಡುಗೆ ಮಾಡುವವನು ನಾನು. ಅಡುಗೆಮನೆಯ ಗೋಡೆಯೂ ಅವಳ ತಲೆದಿಂಬಿನ ಗೋಡೆಯೂ ಒಂದೇ ಆಗಿರುವ ಮನೆ ನಮಗೆ ಒಗ್ಗುವುದಿಲ್ಲ. ಗೋಡೆ ನಾಲ್ಕೂವರೆ ಇಂಚಿನದೋ ಒಂಬತ್ತು ಇಂಚಿನದೋ ಎಂದು ಬಾಗಿಲ ಚೌಕಟ್ಟಿನ ಬಳಿ ಅಳೆದರೆ ತಿಳಿಯುತ್ತದೆ. ನಾನು ಅಳೆಯುವುದರ ಜೊತೆಗೆ, ಮಗಳನ್ನು ಕೋಣೆಯಲ್ಲಿ ನಿಲ್ಲಿಸಿ, ಈ ಕಡೆ ಸ್ಟೀಲ್ ಲೋಟದಿಂದ ಕಟ್ಟೆ ಕುಟ್ಟಿ ಕೇಳಿಸಿತೇ ಎಂದು ವಿಚಾರಿಸುತ್ತಿದ್ದೆ. ದಲ್ಲಾಳಿಗೆ ನನ್ನ ಬಗ್ಗೆ ಅನುಮಾನ ಶುರುವಾದದ್ದು ಅಲ್ಲಿಂದ.

ಇನ್ನೊಂದು ಪರೀಕ್ಷೆ ನನ್ನದೇ. ಮುಂಬಾಗಿಲಲ್ಲಿ ನಿಂತು ಅವಳ ಕೋಣೆಗೆ ನಡೆಯುವುದು, ಆಮೇಲೆ ನನ್ನ ಕೋಣೆಗೆ ನಡೆಯುವುದು. ನಾನು ಟಿ.ವಿ. ನೋಡುತ್ತ ಕುಳಿತ ಕುರ್ಚಿಯ ಮುಂದೆ ಹಾಯದೆ ಅವಳು ಒಳಗೆ ಹೋಗಬಹುದೇ? ಅವಳನ್ನು ಎಬ್ಬಿಸದೆ ನಾನು ಬೆಳಿಗ್ಗೆ ಐದೂವರೆಗೆ ಹೊರಡಬಹುದೇ? ಒಬ್ಬರ ಗಮನಕ್ಕೆ ಬಾರದೆ ಇನ್ನೊಬ್ಬರು ಬಂದು ಹೋಗಲಾಗದ ಮನೆಯಲ್ಲಿ "ಎಲ್ಲಿಗೆ?" ಎಂಬ ಪ್ರಶ್ನೆ ಮತ್ತೆ ಹುಟ್ಟಿಕೊಳ್ಳುತ್ತದೆ. ವಾಸ್ತು ನೋಡುವವರು ನೋಡಿಕೊಳ್ಳಲಿ, ನನಗೆ ಈಶಾನ್ಯಕ್ಕಿಂತ ಇದು ದೊಡ್ಡದಾಗಿ ಕಂಡಿತು.

ಅಳತೆಯ ವಿಷಯದಲ್ಲಿ ಮಾತ್ರ ಯಾರ ಮಾತನ್ನೂ ನಂಬಬೇಡಿ. ನಾವು ಕೊನೆಗೆ ಹಿಡಿದ ಮನೆಯ ಕರಪತ್ರದಲ್ಲಿ 1180 ಚದರ ಅಡಿ ಎಂದಿತ್ತು. ಟೇಪು ಹಿಡಿದರೆ ಒಳಗೆ ಸಿಕ್ಕಿದ್ದು 870. ಉಳಿದದ್ದು ಮೆಟ್ಟಿಲು, ಲಿಫ್ಟು, ಮೊಗಸಾಲೆ, ಹೊರಗೋಡೆಗಳಲ್ಲಿ ನಮ್ಮ ಪಾಲಂತೆ. ಮನೆ ಕಟ್ಟಿ ಮಾರುವವರಿಗೆ ಅನ್ವಯಿಸುವ 2016ರ ರೇರಾ ಕಾಯ್ದೆ ಕಾರ್ಪೆಟ್ ಏರಿಯಾ ಎಂದರೇನೆಂದು ಸ್ಪಷ್ಟವಾಗಿ ಬರೆದಿದೆ: ಒಳಗಿನ ಅಡ್ಡಗೋಡೆಗಳು ಸೇರುತ್ತವೆ, ಹೊರಗೋಡೆಯೂ ಬಾಲ್ಕನಿಯೂ ಸೇರುವುದಿಲ್ಲ. ಆದರೆ ನಿವೇಶನ 500 ಚದರ ಮೀಟರ್ ಮೀರದಿದ್ದರೆ ಅಥವಾ ಮನೆಗಳು ಎಂಟನ್ನು ಮೀರದಿದ್ದರೆ ಆ ಕಾಯ್ದೆಯಡಿ ನೋಂದಣಿ ಕಡ್ಡಾಯವಲ್ಲ. ನಮ್ಮಂಥ ಊರಿನ ಚಿಕ್ಕ ಕಟ್ಟಡಗಳು ಹಲವು ಈ ಲೆಕ್ಕದಲ್ಲೇ ಹೊರಗುಳಿಯುತ್ತವೆ. ಅಲ್ಲಿ ನಿಮ್ಮ ಟೇಪೇ ಗತಿ. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, 1089 ಚದರ ಅಡಿ. ಆಯುಷ್ಯವೆಲ್ಲ ಎಕರೆಗಟ್ಟಲೆ ಜಮೀನನ್ನು ಪೋಡಿ ಮಾಡಿ ಪಾಲು ಬಿಡಿಸಿಕೊಟ್ಟವನು ಈಗ ಒಂದು ಗುಂಟೆಗೂ ಕಡಿಮೆ ಜಾಗವನ್ನು ಮಗಳೊಡನೆ ಹಂಚಿಕೊಂಡಿದ್ದೇನೆ.

ವಯಸ್ಸಿನ ವಿಷಯ ಅವಳೇ ಎತ್ತಿದಳು, ನಾನು ಎತ್ತುತ್ತಿರಲಿಲ್ಲ. ಸ್ನಾನದ ಮನೆಯ ಬಾಗಿಲು ಎರಡೂವರೆ ಅಡಿ ಎಂದರು. ಚೌಕಟ್ಟು ಕಳೆದು ಅಳೆದರೆ ಇಪ್ಪತ್ತಾರು ಇಂಚು. ಗಾಲಿಕುರ್ಚಿ ಸರಾಗವಾಗಿ ಹೋಗಬೇಕಾದರೆ 90 ಸೆಂಟಿಮೀಟರ್, ಅಂದರೆ ಸುಮಾರು ಮೂರು ಅಡಿ ತೆರವು ಬೇಕೆಂದು ಕೇಂದ್ರ ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ. "ನಾನೇನು ನಾಳೆಯೇ ಗಾಲಿಕುರ್ಚಿ ಹತ್ತುತ್ತೇನೆಯೇ?" ಎಂದೆ. "ನಾನೂ ಬೀಳಬಹುದು, ಅಪ್ಪಾಜಿ. ಸ್ಕೂಟರ್ ಓಡಿಸುವವಳು ನಾನು" ಎಂದಳು. ಖರೀದಿಸಿದ ಮೇಲೆ ಎರಡೂ ಸ್ನಾನದ ಮನೆಗಳ ಬಾಗಿಲು ಅಗಲ ಮಾಡಿಸಿ, ಗೋಡೆಗೆ ಹಿಡಿಕೆ ಹಾಕಿಸಿದೆವು. ಎರಡನೆಯ ಮಹಡಿ ಆರಿಸಿಕೊಂಡದ್ದೂ ಇಂಥದೇ ಲೆಕ್ಕದಿಂದ: ಲಿಫ್ಟ್ ಕೆಟ್ಟರೂ ನಾನು ಹತ್ತಬಲ್ಲೆ. ವಿದ್ಯುತ್ ಹೋದಾಗ ಲಿಫ್ಟಿಗೆ ಜನರೇಟರ್ ಇದೆಯೇ ಅಥವಾ ಮೊಗಸಾಲೆಯ ದೀಪಕ್ಕೆ ಮಾತ್ರವೇ ಎಂದು ಬಿಡಿಸಿ ಕೇಳಿ.

ನೀರಿನ ಬಗ್ಗೆ ಇಲ್ಲಿನವರಿಗೆ ಹೇಳಬೇಕಿಲ್ಲ. ನಗರದ ನೀರಿನ ಯೋಜನೆಯಾದ ಜಲಸಿರಿಯ ಮೀಟರ್ ಇದ್ದರೂ ಕೆಳಗಿನ ತೊಟ್ಟಿ ಎಷ್ಟು ಲೀಟರಿನದು ಎಂದು ಕೇಳಿ, ಕೊಳವೆಬಾವಿಯ ನೀರನ್ನು ಒಮ್ಮೆ ಕುದಿಸಿ ಪಾತ್ರೆಯ ತಳ ನೋಡಿ.

ಜಾಗದ ಮಾತಿಗೆ ಬಂದರೆ ನಮ್ಮಿಬ್ಬರಿಗೂ ಜಗಳವಾಗಿತ್ತು. ನಮ್ಮ ಊರನ್ನು ರೈಲು ಹಳಿ ಎರಡು ಮಾಡಿದೆ. ನನ್ನ ಸ್ನೇಹಿತರೆಲ್ಲ ಹಳೇ ಊರಿನ ಕಡೆ, ಮಂಡಿಪೇಟೆಯ ಆಸುಪಾಸು. ಅವಳ ಆಸ್ಪತ್ರೆ ಈ ಕಡೆ. ಅಶೋಕ ರಸ್ತೆಯ ರೈಲ್ವೆ ಗೇಟಿನ ಮುಂದೆ ನನ್ನ ಯೌವನದ ಎಷ್ಟು ಗಂಟೆಗಳು ಹೋದವೋ ಲೆಕ್ಕವಿಲ್ಲ, ಆದರೂ ಆ ಕಡೆಯೇ ಬೇಕೆಂದು ಹಟ ಹಿಡಿದೆ. ರಾತ್ರಿ ಹತ್ತಕ್ಕೆ ಒಬ್ಬಳೇ ಸ್ಕೂಟರಿನಲ್ಲಿ ಬರುವವಳು ಅವಳು, ಹಗಲು ಹೊತ್ತು ಆಟೋ ಹತ್ತುವವನು ನಾನು ಎಂಬುದು ಹೊಳೆಯಲು ಒಂದು ವಾರ ಬೇಕಾಯಿತು. ಬಿ ಬ್ಲಾಕಿನ ಹತ್ತಿರ ಹಿಡಿದೆವು. ನಾನೂ ಒಂದು ಷರತ್ತು ಹಾಕಿದೆ: ಹಾಲು, ತರಕಾರಿ, ಔಷಧಿ, ಪತ್ರಿಕೆ, ಒಂದು ದೋಸೆ, ಇವೈದೂ ಯಾರ ಸ್ಕೂಟರಿನ ಹಿಂದೆಯೂ ಕೂರದೆ ನನ್ನ ಕಾಲಿಗೆ ಸಿಗಬೇಕು. ಸಿಗುತ್ತವೆ. ಮಂಡಕ್ಕಿ ಮೆಣಸಿನಕಾಯಿ ಬೇಕಾದರೆ ಮಾತ್ರ ಸ್ವಲ್ಪ ದೂರ, ಅದು ನನ್ನ ಹೊಟ್ಟೆಗೆ ಒಳ್ಳೆಯದೇ ಎಂದು ಮಗಳ ವಾದ.

ಇನ್ನು ಕಾಗದ. ಹನ್ನೊಂದು ತಿಂಗಳು ಮುಗಿದ ಮೇಲೆ ಅದೇ ಮನೆಯನ್ನು ಖರೀದಿಸಿದೆವು. ಮೊದಲು ಕೊಡುವ ಹಣ ನನ್ನ ನಿವೃತ್ತಿಯ ದುಡ್ಡಿನಿಂದ, ಸಾಲದ ಕಂತು ಅವಳ ಸಂಬಳದಿಂದ. ಕ್ರಯಪತ್ರದಲ್ಲಿ ನನಗೆ ನಲವತ್ತು, ಅವಳಿಗೆ ಅರವತ್ತು ಪಾಲು ಎಂದು ಬರೆಸಿದೆವು. ಅಪ್ಪ ಮಗಳ ನಡುವೆ ಇದೆಲ್ಲ ಏಕೆ ಎಂದು ಪತ್ರ ಬರೆಯುವವರೇ ನಕ್ಕರು. ಪಾಲು ಬರೆಯದಿದ್ದರೆ ಯಾರು ಎಷ್ಟು ಹಣ ಹಾಕಿದರು ಎಂಬುದರ ಮೇಲೆ ಲೆಕ್ಕ ಹೋಗುತ್ತದೆ, ಅದಕ್ಕೂ ಪುರಾವೆ ಇಲ್ಲದಿದ್ದರೆ ಸಮಪಾಲೆಂದು ಹಿಡಿಯುತ್ತಾರೆ. ನಾನು ಉಯಿಲು ಬರೆಯದೆ ಹೋದರೆ ನನ್ನ ನಲವತ್ತು ಮಗನಿಗೂ ಮಗಳಿಗೂ ಸಮವಾಗಿ ಹೋಗಿ, ಅವಳ ಅಡುಗೆಮನೆಯಲ್ಲಿ ಅಣ್ಣನಿಗೆ ಐದನೆಯ ಒಂದು ಪಾಲು ಬರುತ್ತದೆ. ಮಗ ಒಳ್ಳೆಯವನು. ಬೀಡಿ ಸೇದಿದ ಅಣ್ಣತಮ್ಮಂದಿರೂ ಒಳ್ಳೆಯವರೇ ಆಗಿದ್ದರು. ಮಗನನ್ನೂ ಕೂರಿಸಿಕೊಂಡು ಮಾತಾಡಿ, ಇಬ್ಬರು ಸಾಕ್ಷಿಗಳ ಮುಂದೆ ಉಯಿಲು ಬರೆದೆ: ವಿನೋಬನಗರದ್ದು ಅವನಿಗೆ, ಇದು ಇವಳಿಗೆ.

ಕೆಲವರು ಪ್ರೀತಿ ಉಕ್ಕಿ ಎಲ್ಲವನ್ನೂ ಈಗಲೇ ಮಕ್ಕಳ ಹೆಸರಿಗೆ ದಾನಪತ್ರ ಮಾಡಿಬಿಡುತ್ತಾರೆ. ಮಾಡುವುದೇ ಆದರೆ, ನಮ್ಮನ್ನು ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೆಯ ಕಲಂ ಪ್ರಕಾರ, ಆ ಷರತ್ತು ಮುರಿದರೆ ದಾನವನ್ನು ರದ್ದು ಮಾಡಿಸಲು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಹೋಗಬಹುದು. ಷರತ್ತೇ ಬರೆಯದೆ ಕೊಟ್ಟವರಿಗೆ ಆ ದಾರಿ ಕಷ್ಟದ್ದು.

ಇಷ್ಟೆಲ್ಲ ಅಳೆದವನು ಒಂದು ಕಡೆ ತಪ್ಪಿದೆ. ನಮ್ಮ ಮನೆಗೆ ಬಾಲ್ಕನಿ ಒಂದೇ. ಅದರ ಬಾಗಿಲು ಇರುವುದು ಮಗಳ ಕೋಣೆಯೊಳಗೆ. ಮನೆ ನೋಡುವಾಗ ನಾನು ಬಾಲ್ಕನಿಯ ಉದ್ದಗಲ ಬರೆದುಕೊಂಡೆ, ಬಿಸಿಲು ಎಷ್ಟು ಹೊತ್ತು ಬೀಳುತ್ತದೆಂದು ನೋಡಿದೆ, ದಾರಿ ನೋಡಲಿಲ್ಲ. ಹೊಲ ಅಳೆಯುವಾಗ ಮೊದಲು ನೋಡುವುದೇ ಅದು: ಹಿಂದಿನ ಹೊಲದವನು ಯಾರ ಹೊಲದ ಮೇಲೆ ಹಾದು ಬರುತ್ತಾನೆ, ನಕಾಶೆಯಲ್ಲಿ ಚುಕ್ಕಿಗೆರೆಯ ಬಂಡಿ ದಾರಿ ಇದೆಯೇ ಇಲ್ಲವೇ. ನಾನು ನೋಡಿದ ಜಗಳಗಳಲ್ಲಿ ಅರ್ಧದಷ್ಟು ದಾರಿಯವೇ. ಬಂದ ಮೂರನೆಯ ದಿನ ಒದ್ದೆ ಬಟ್ಟೆಯ ಬಕೆಟ್ ಹಿಡಿದು ಅವಳ ಮುಚ್ಚಿದ ಬಾಗಿಲ ಮುಂದೆ ನಿಂತಾಗ ನನ್ನ ಕಸುಬಿನ ಬಗ್ಗೆ ನನಗೇ ನಾಚಿಕೆಯಾಯಿತು. ತಟ್ಟಿದೆ. ರಾತ್ರಿ ಪಾಳಿ ಮುಗಿಸಿ ಮಲಗಿದ್ದವಳು ಎದ್ದು ಬಂದಳು, ಏನೂ ಅನ್ನಲಿಲ್ಲ. ಆ ಮೌನ ನನಗೆ ಸಾಕಾಯಿತು.

ಈಗ ಹಾಲಿನ ಛಾವಣಿಗೆ ರಾಟೆ ಹಾಕಿ ಇಳಿಬಿಟ್ಟ ಕೋಲುಗಳ ಮೇಲೆ ಬಟ್ಟೆ ಒಣಗುತ್ತದೆ. ನೆಂಟರು ಬಂದರೆ ತಲೆ ಬಗ್ಗಿಸಿ ಕೂರಬೇಕು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಅಲ್ಲಿ ಏನೂ ಒಣಗುವುದಿಲ್ಲ. ಅಂಥ ದಿನ ಮಧ್ಯಾಹ್ನ ಸ್ವಲ್ಪ ಬಿಸಿಲು ಕಂಡರೆ, ಅವಳು ಎದ್ದಿದ್ದರೆ, ಬಾಗಿಲು ತೆರೆದಿಟ್ಟು ಒಳಗಿನಿಂದಲೇ ಕೂಗುತ್ತಾಳೆ: "ಅಪ್ಪಾಜಿ, ಬಂಡಿ ದಾರಿ ಬಿಟ್ಟಿದ್ದೇನೆ." ನಾನು ಬಕೆಟ್ ಎತ್ತಿಕೊಂಡು, ಎಡಕ್ಕೂ ಬಲಕ್ಕೂ ನೋಡದೆ, ನೆಟ್ಟಗೆ ಹೋಗಿ ನೆಟ್ಟಗೆ ಬರುತ್ತೇನೆ.